ನೆನಪಿನಿಂದ ಬರಹಕ್ಕೆ

ಒಂದು ಶಾಲೆಯ ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಅಲ್ಲಿಯ ಪುಸ್ತಕಗಳ ಲೆಕ್ಕವನ್ನೆಲ್ಲ ಗಣಕಯಂತ್ರದಲ್ಲಿ ಇಡಬೇಕೆಂದು ನಿಶ್ಚಯವಾಗಿದೆ. ಇಬ್ಬರು ವಿದ್ಯಾರ್ಥಿಗಳು ಮಧ್ಯಾಹ್ನವೆಲ್ಲ ಕುಳಿತು ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಟವಾದ ವರ್ಷ, ಇರುವ ಪ್ರತಿಗಳ ಸಂಖ್ಯೆ ಇವನ್ನು ಒಂದೊಂದಾಗಿ ತುಂಬುತ್ತಾರೆ. ಸಂಜೆಯ ಹೊತ್ತಿಗೆ ಇನ್ನೂರು ಪುಸ್ತಕಗಳ ವಿವರ ಒಳಸೇರಿದೆ. ಅಷ್ಟರಲ್ಲಿ ವಿದ್ಯುತ್ತು ನಿಂತುಹೋಗುತ್ತದೆ. ಅದು ಮತ್ತೆ ಬಂದು ಯಂತ್ರವನ್ನು ಚಾಲನೆಗೊಳಿಸಿದಾಗ ಪರದೆಯ ಮೇಲೆ ಒಂದು ಪುಸ್ತಕದ ಹೆಸರೂ ಇಲ್ಲ!

ಹೀಗೇಕಾಯಿತು? ಗಣಕಯಂತ್ರದಲ್ಲಿ ಮಾಹಿತಿ ನಿಲ್ಲುವ ನೆಲೆಗಳು ಎರಡು. ಒಂದು, ಕೆಲಸ ನಡೆಯುತ್ತಿರುವಾಗ ಬಳಸುವ ಸ್ಮೃತಿ. ಇದು ಬಹು ಚುರುಕಾದುದು. ಆದರೆ ವಿದ್ಯುತ್ತು ಇರುವಷ್ಟು ಹೊತ್ತು ಮಾತ್ರ ಇದರ ಆಯುಷ್ಯ. ಇನ್ನೊಂದು, ಡಿಸ್ಕು. ಇದರ ವೇಗ ಕಡಿಮೆ. ಆದರೆ ಇದರಲ್ಲಿ ಕಡತವಾಗಿ ಬರೆದಿಟ್ಟುದು ವಿದ್ಯುತ್ತು ಹೋದ ಮೇಲೂ ಉಳಿಯುತ್ತದೆ. ಆ ವಿದ್ಯಾರ್ಥಿಗಳು ತುಂಬಿದ ವಿವರವೆಲ್ಲ ಸ್ಮೃತಿಯಲ್ಲಿತ್ತು, ಕಡತಕ್ಕೆ ಇಳಿದಿರಲಿಲ್ಲ. ಮನುಷ್ಯನು ನೆನಪನ್ನು ಮಾತ್ರ ನೆಚ್ಚದೆ ಬರಹವನ್ನು ಏಕೆ ಕಂಡುಕೊಂಡನೋ ಅದೇ ಕಾರಣಕ್ಕಾಗಿ ಗಣಕಯಂತ್ರಕ್ಕೂ ಬರಹ ಬೇಕಾಯಿತು. ಆದರೆ ನೆನಪನ್ನು ಬರಹಕ್ಕೆ ಇಳಿಸುವುದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಅದರ ಕಷ್ಟವೇನು, ಅದನ್ನು ಹೇಗೆ ಪರಿಹರಿಸಿದರು ಎಂಬುದನ್ನು ಜಾವಾ ಎಂಬ ಗಣಕಭಾಷೆಯ ಉದಾಹರಣೆಯಿಂದ ತಿಳಿಯೋಣ.

ಜಾವಾ ಭಾಷೆಯ ಕೆಲಸ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ 1991ರಲ್ಲಿ ಆರಂಭವಾಯಿತು. ಜೇಮ್ಸ್ ಗೋಸ್ಲಿಂಗ್ ಅದರ ಮುಖ್ಯ ಶಿಲ್ಪಿ. ಮೊದಲು 'ಓಕ್' ಎಂಬ ಮರದ ಹೆಸರನ್ನು ಹೊತ್ತಿದ್ದ ಈ ಭಾಷೆ 1995ರಲ್ಲಿ 'ಜಾವಾ' ಎಂಬ ಹೆಸರಿನಿಂದ ಹೊರಬಂದಿತು. ಈ ಭಾಷೆಯಲ್ಲಿ ಬರೆದ ಕ್ರಮವಿಧಿಯು ಲೋಕವನ್ನು ವಸ್ತುಗಳಾಗಿ ವಿಂಗಡಿಸಿ ನೋಡುತ್ತದೆ. ಗ್ರಂಥಾಲಯದ ಕ್ರಮವಿಧಿಯಲ್ಲಿ ಪ್ರತಿಯೊಂದು ಪುಸ್ತಕವೂ ಒಂದು ವಸ್ತು. ಪ್ರತಿಯೊಬ್ಬ ಲೇಖಕನೂ ಒಂದು ವಸ್ತು. ಪುಸ್ತಕಕ್ಕೆ ಯಾವ ಯಾವ ವಿವರಗಳಿರಬೇಕೆಂದು ಹೇಳುವ ನಕ್ಷೆಗೆ ವರ್ಗವೆಂದು ಹೆಸರು. ಬಡಗಿಯು ಒಂದೇ ನಕ್ಷೆಯಿಂದ ಹತ್ತು ಕುರ್ಚಿಗಳನ್ನು ಮಾಡುವಂತೆ ಕ್ರಮವಿಧಿಯು 'ಪುಸ್ತಕ' ಎಂಬ ಒಂದೇ ವರ್ಗದಿಂದ ಸಾವಿರ ಪುಸ್ತಕ-ವಸ್ತುಗಳನ್ನು ಸ್ಮೃತಿಯಲ್ಲಿ ನಿರ್ಮಿಸಬಲ್ಲುದು.

ಹಾಗಾದರೆ ಸ್ಮೃತಿಯಲ್ಲಿರುವುದನ್ನು ಇದ್ದಂತೆಯೇ ಡಿಸ್ಕಿಗೆ ನಕಲು ಮಾಡಿದರೆ ಸಾಲದೆ? ಸಾಲದು. ಪುಸ್ತಕ-ವಸ್ತುವಿನ ಒಳಗೆ ಲೇಖಕ-ವಸ್ತು ಅಡಗಿ ಕುಳಿತಿರುವುದಿಲ್ಲ. ಲೇಖಕ-ವಸ್ತುವು ಸ್ಮೃತಿಯ ಯಾವ ಎಡೆಯಲ್ಲಿದೆ ಎಂಬ ವಿಳಾಸ ಮಾತ್ರ ಅಲ್ಲಿರುತ್ತದೆ. ಆ ವಿಳಾಸಕ್ಕೆ ಬೆಲೆಯಿರುವುದು ಕ್ರಮವಿಧಿ ನಡೆಯುತ್ತಿರುವಾಗ ಮಾತ್ರ. ಮರುದಿನ ಕ್ರಮವಿಧಿಯನ್ನು ಹೊಸದಾಗಿ ನಡೆಸಿದರೆ ವಸ್ತುಗಳೆಲ್ಲ ಬೇರೆ ಬೇರೆ ಎಡೆಗಳಲ್ಲಿ ನೆಲೆಸುತ್ತವೆ. ಜಾತ್ರೆಯಲ್ಲಿ "ರಥದ ಎಡಗಡೆಯ ಮೂರನೆಯ ಅಂಗಡಿ" ಎಂದು ಗುರುತು ಬರೆದುಕೊಂಡವನು ಮುಂದಿನ ವರ್ಷದ ಜಾತ್ರೆಗೆ ಅದೇ ಗುರುತು ಹಿಡಿದು ಹೋದರೆ ಬಳೆಯಂಗಡಿ ಇದ್ದಲ್ಲಿ ಬೆಂಡು-ಬತ್ತಾಸಿನ ಅಂಗಡಿಯನ್ನು ಕಾಣುತ್ತಾನೆ. ಅಂಗಡಿಯವನ ಹೆಸರನ್ನು ಬರೆದುಕೊಂಡಿದ್ದರೆ ಕೇಳಿಯಾದರೂ ಹುಡುಕಬಹುದಿತ್ತು. ಸ್ಥಳ ಬದಲಾಗುತ್ತದೆ, ಹೆಸರು ಉಳಿಯುತ್ತದೆ. ವಸ್ತುವನ್ನು ಕಡತಕ್ಕೆ ಇಳಿಸುವ ಕಾರ್ಯದ ತಿರುಳು ಇಷ್ಟೇ: ವಿಳಾಸಗಳಿಂದ ಹೆಣೆದ ಸಂಬಂಧಗಳನ್ನು ಹೆಸರುಗಳಿಂದ ಹೆಣೆದ ಸಂಬಂಧಗಳನ್ನಾಗಿ ಮಾರ್ಪಡಿಸುವುದು.

ಜಾವಾ ಭಾಷೆ 1997ರಲ್ಲಿಯೇ ಇದಕ್ಕೊಂದು ಉಪಾಯವನ್ನು ಒದಗಿಸಿತು. ಅದಕ್ಕೆ ಸೀರಿಯಲೈಸೇಷನ್ ಎಂದು ಹೆಸರು. ಸಾಲಾಗಿ ಜೋಡಿಸುವುದು ಎಂದು ಅರ್ಥ. ವಸ್ತುವನ್ನೂ ಅದಕ್ಕೆ ಸಂಬಂಧಿಸಿದ ಇತರ ವಸ್ತುಗಳನ್ನೂ ಬೈಟುಗಳ ಒಂದೇ ಸಾಲಾಗಿ ಮಾಡಿ ಕಡತದಲ್ಲಿ ಇರಿಸುವ ಈ ವಿಧಾನ ಬಳಸಲು ಸುಲಭ. ಆದರೆ ಅದರಲ್ಲಿ ಎರಡು ಕೊರತೆಗಳಿದ್ದವು. ಆ ಕಡತವನ್ನು ತೆರೆದು ನೋಡಿದರೆ ಮನುಷ್ಯನ ಕಣ್ಣಿಗೆ ಅರ್ಥವಾಗುವುದು ಅತ್ಯಲ್ಪ. ಅದನ್ನು ಓದಲು ಜಾವಾ ಕ್ರಮವಿಧಿಯೂ ಅದರ ವರ್ಗಗಳೂ ಬೇಕು. ಎರಡನೆಯದಾಗಿ, ಕಡತವು ವರ್ಗದ ಗುರುತು ಸಂಖ್ಯೆಯೊಂದನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಬರೆದವನು ಆ ಸಂಖ್ಯೆಯನ್ನು ತಾನೇ ನಿಗದಿಪಡಿಸದಿದ್ದರೆ ವರ್ಗದ ರಚನೆಯಿಂದ ಅದು ತಾನಾಗಿ ಹುಟ್ಟುತ್ತದೆ. ಮುಂದೆ ವರ್ಗಕ್ಕೆ ಒಂದು ವಿವರವನ್ನು ಸೇರಿಸಿದರೂ ಸಂಖ್ಯೆ ಬೇರೆಯಾಗಿ, ಹಳೆಯ ಕಡತವನ್ನು ಓದಲು ಕ್ರಮವಿಧಿ ನಿರಾಕರಿಸುತ್ತದೆ. ಕಡತ ಕೆಟ್ಟಿಲ್ಲ, ಒಂದಕ್ಷರವೂ ಅಳಿಸಿಲ್ಲ, ಆದರೂ ಓದುವಂತಿಲ್ಲ.

ಬರಹವಿದ್ದೂ ಓದಲಾಗದ ಇಂಥ ಸ್ಥಿತಿ ಬೇರೆ ಕಡೆಗಳಲ್ಲಿಯೂ ಬಂದಿದೆ. ಇಂಗ್ಲೆಂಡಿನ ದೊರೆ ಒಂದನೆಯ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳ ಲೆಕ್ಕವನ್ನು ಬರೆಯಿಸಿದನು. ಅದಕ್ಕೆ 'ಡೂಮ್ಸ್‌ಡೇ ಪುಸ್ತಕ' ಎಂದು ಹೆಸರು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿಬಿಸಿ ಸಂಸ್ಥೆಯು ಹೊಸದೊಂದು ಸಂಗ್ರಹವನ್ನು ಸಿದ್ಧಗೊಳಿಸಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ತಮ್ಮ ಊರುಗಳ ವಿವರ ಬರೆದು ಕಳುಹಿಸಿದರು. ಅದನ್ನು ವಿಶೇಷ ಬಗೆಯ ಡಿಸ್ಕುಗಳಲ್ಲಿ ತುಂಬಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕುಗಳನ್ನು ಓದಬಲ್ಲ ಯಂತ್ರಗಳೇ ಅಪರೂಪವಾದವು. ಇಂಗ್ಲೆಂಡಿನ ಲೀಡ್ಸ್ ಮತ್ತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು, ಹಳೆಯ ಯಂತ್ರದ ನಡವಳಿಕೆಯನ್ನು ಅನುಕರಿಸುವ ಕ್ರಮವಿಧಿಯನ್ನು ರಚಿಸಿ ಅದನ್ನು ಮತ್ತೆ ಓದುವಂತೆ ಮಾಡಬೇಕಾಯಿತು. ಅದೇ ವೇಳೆಗೆ 1086ರ ಪುಸ್ತಕವು ಲ್ಯಾಟಿನ್ ಬಲ್ಲ ಯಾರಿಗೂ ಓದಲು ದೊರೆಯುವಂತಿತ್ತು! ಬರೆದವನ ಉಪಕರಣವಿಲ್ಲದೆಯೂ ಓದಬಹುದಾದ ಬರಹವೇ ಬಾಳುವ ಬರಹ.

ಇಂಥ ಬರಹಕ್ಕೆ ತಕ್ಕ ಒಂದು ರೂಪವೇ ಎಕ್ಸ್‌ಎಂಎಲ್. 'ವಿಸ್ತರಿಸಬಲ್ಲ ಗುರುತಿನ ಭಾಷೆ' ಎಂಬುದು ಆ ಹೆಸರಿನ ಭಾವಾರ್ಥ. ಇದರ ಬೇರು 1969ರಷ್ಟು ಹಿಂದಿನದು. ಆಗ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ಜಿಎಂಎಲ್ ಎಂಬ ಗುರುತುಭಾಷೆಯನ್ನು ರೂಪಿಸಿದರು. ಅವರ ಕುಲನಾಮಗಳ ಮೊದಲಕ್ಷರಗಳೇ ಆ ಹೆಸರಿನಲ್ಲಿ ಅಡಗಿರುವುದು ಒಂದು ಸ್ವಾರಸ್ಯ. ಅದರಿಂದ ಬೆಳೆದ ಎಸ್‌ಜಿಎಂಎಲ್ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದನ್ನು ಸರಳಗೊಳಿಸಿ ರೂಪಿಸಿದ ಎಕ್ಸ್‌ಎಂಎಲ್ 1998ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಎಕ್ಸ್‌ಎಂಎಲ್ ಕಡತದಲ್ಲಿ ಪ್ರತಿಯೊಂದು ವಿವರವೂ ತನ್ನ ಹೆಸರುಚೀಟಿಗಳ ನಡುವೆ ಇರುತ್ತದೆ. ಅಡಿಗೆಮನೆಯ ಡಬ್ಬಿಗಳ ಮೇಲೆ 'ಜೀರಿಗೆ', 'ಮೆಂತ್ಯ' ಎಂದು ಚೀಟಿ ಅಂಟಿಸಿದ್ದರೆ ಆ ಮನೆಗೆ ಹೊಸಬರಾಗಿ ಬಂದವರೂ ಅಡಿಗೆ ಮಾಡಬಲ್ಲರಷ್ಟೆ. ಇದೂ ಹಾಗೆಯೇ. ಚೀಟಿಯ ಹೆಸರುಗಳನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು, ಕನ್ನಡದಲ್ಲಿಯೂ ಇಡಬಹುದು. ನಮ್ಮ ಗ್ರಂಥಾಲಯದ ಕಡತದ ಒಂದು ಭಾಗವನ್ನು ನೋಡಿ:

<ಗ್ರಂಥಾಲಯ>
  <ಲೇಖಕ ಗುರುತು="ಲೇ1">
    <ಹೆಸರು>ಶಿವರಾಮ ಕಾರಂತ</ಹೆಸರು>
    <ಜನನ>1902</ಜನನ>
  </ಲೇಖಕ>
  <ಪುಸ್ತಕ>
    <ಹೆಸರು>ಮೂಕಜ್ಜಿಯ ಕನಸುಗಳು</ಹೆಸರು>
    <ವರ್ಷ>1968</ವರ್ಷ>
    <ಪ್ರತಿಗಳು>3</ಪ್ರತಿಗಳು>
    <ಬರೆದವರು ನೋಡಿ="ಲೇ1"/>
  </ಪುಸ್ತಕ>
</ಗ್ರಂಥಾಲಯ>

ಗಣಕಯಂತ್ರದ ಪರಿಚಯವೇ ಇಲ್ಲದವರೂ ಇದನ್ನು ಓದಿ ಇದೊಂದು ಪುಸ್ತಕದ ವಿವರವೆಂದು ಹೇಳಬಲ್ಲರು. ಇದರ ನಿಯಮಗಳು ಕೆಲವೇ. ತೆರೆದ ಪ್ರತಿಯೊಂದು ಚೀಟಿಯನ್ನೂ ಮುಚ್ಚಬೇಕು. ಮುಚ್ಚುವ ಚೀಟಿಯಲ್ಲಿ ಓರೆಗೆರೆಯಿರುತ್ತದೆ. ಒಳಗೇನೂ ಇಲ್ಲದ ಚೀಟಿಯಾದರೆ ತೆರೆಯುವುದನ್ನೂ ಮುಚ್ಚುವುದನ್ನೂ ಒಂದರಲ್ಲಿಯೇ ಮುಗಿಸಬಹುದು. ಒಳಗೆ ತೆರೆದುದನ್ನು ಒಳಗೇ ಮುಚ್ಚಬೇಕು. ಇಡೀ ಕಡತವನ್ನು ಒಂದೇ ಹೊರಚೀಟಿ ಸುತ್ತುವರಿದಿರಬೇಕು. ಈ ಕೊನೆಯ ನಿಯಮದಿಂದ ಒಂದು ಉಪಕಾರವುಂಟು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋಗಿ ಕಡತ ಅರ್ಧಕ್ಕೆ ನಿಂತರೆ ಹೊರಚೀಟಿ ಮುಚ್ಚಿರುವುದಿಲ್ಲ. ಆದ್ದರಿಂದ ಓದುವಾಗ ಆ ಕೊರತೆ ಒಡನೆಯೇ ಬಯಲಾಗುತ್ತದೆ. ಜಾಣನಾದ ಕ್ರಮವಿಧಿಕಾರನು ಹಳೆಯ ಕಡತದ ಮೇಲೆಯೇ ಬರೆಯುವುದಿಲ್ಲ. ಹೊಸ ಕಡತವನ್ನು ಪೂರ್ತಿ ಬರೆದು ಮುಗಿಸಿದ ಮೇಲೆ ಅದಕ್ಕೆ ಹಳೆಯದರ ಹೆಸರನ್ನು ಕೊಡುತ್ತಾನೆ.

ಕಡತದ ಮೊಟ್ಟಮೊದಲ ಸಾಲಿನಲ್ಲಿ, ಅಕ್ಷರಗಳನ್ನು ಯಾವ ಸಂಕೇತಪದ್ಧತಿಯಲ್ಲಿ ಬರೆದಿದೆ ಎಂಬುದನ್ನು ಸೂಚಿಸುವ ರೂಢಿಯಿದೆ. ಇದರ ಬೆಲೆಯನ್ನು ಕನ್ನಡಿಗರು ಅನುಭವದಿಂದ ಬಲ್ಲರು. ಹಿಂದೆ ಕನ್ನಡದ ಬೆರಳಚ್ಚು ತಂತ್ರಾಂಶಗಳಲ್ಲಿ ಅಕ್ಷರಗಳಿಗೆ ಒಂದೊಂದು ಬಗೆಯ ಸಂಕೇತವಿತ್ತು. ತಕ್ಕ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತಿದ್ದವು. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಪದ್ಧತಿಯಾದ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಎಕ್ಸ್‌ಎಂಎಲ್ ಮತ್ತು ಜಾವಾ ಎರಡೂ ಯೂನಿಕೋಡನ್ನೇ ಆಧಾರವಾಗಿ ಉಳ್ಳವು. ಆದ್ದರಿಂದ ಮೇಲಿನ ಕಡತವು ಯಾವ ದೇಶದ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ.

ಇನ್ನು, ಉಳಿಸುವ ಮತ್ತು ಮರಳಿ ತರುವ ಕ್ರಮವನ್ನು ನೋಡೋಣ. ಉಳಿಸುವಾಗ ಕ್ರಮವಿಧಿಯು ವಸ್ತುವಿನ ವಿವರಗಳನ್ನು ಒಂದೊಂದಾಗಿ ಕೇಳಿ ಪಡೆದು, ಅದರದರ ಹೆಸರುಚೀಟಿಯ ನಡುವೆ ಬರೆಯುತ್ತ ಹೋಗುತ್ತದೆ. ಮರಳಿ ತರುವಾಗ 'ಪುಸ್ತಕ' ಎಂಬ ಚೀಟಿ ಕಂಡೊಡನೆ ಬರಿದಾದ ಒಂದು ಪುಸ್ತಕ-ವಸ್ತುವನ್ನು ನಿರ್ಮಿಸುತ್ತದೆ. ಬಳಿಕ ಒಳಗಿನ ಚೀಟಿಗಳನ್ನು ಓದಿ ಒಂದೊಂದು ವಿವರವನ್ನೂ ಅದರಲ್ಲಿ ತುಂಬುತ್ತದೆ. ಕಡತದಲ್ಲಿರುವುದೆಲ್ಲ ಅಕ್ಷರ ಮಾತ್ರವೆಂಬುದನ್ನು ಇಲ್ಲಿ ಮರೆಯಬಾರದು. '1968' ಎಂಬ ನಾಲ್ಕು ಅಕ್ಷರಗಳನ್ನು ಓದಿ, ಅದನ್ನು ಸಂಖ್ಯೆಯನ್ನಾಗಿ ಪರಿವರ್ತಿಸಬೇಕು. ಆದರೆ ಪುಸ್ತಕದ ದಾಖಲೆ ಸಂಖ್ಯೆ '0042' ಎಂದಿದ್ದರೆ ಅದನ್ನು ಸಂಖ್ಯೆಯಾಗಿ ಪರಿವರ್ತಿಸಬಾರದು; ಪರಿವರ್ತಿಸಿದರೆ ಮೊದಲಿನ ಸೊನ್ನೆಗಳು ಮಾಯವಾಗಿ '42' ಮಾತ್ರ ಉಳಿಯುತ್ತದೆ. ಯಾವುದು ಎಣಿಕೆ, ಯಾವುದು ಹೆಸರು ಎಂಬ ವಿವೇಕ ಬರೆಯುವವನಿಗೆ ಇರಬೇಕು.

ಈ ಕೆಲಸವನ್ನೆಲ್ಲ ಪ್ರತಿಯೊಬ್ಬನೂ ಮೊದಲಿನಿಂದ ಮಾಡಬೇಕಾಗಿಲ್ಲ. 2002ರಲ್ಲಿ ಬಂದ ಜಾವಾ ಆವೃತ್ತಿಯಲ್ಲಿ ಎಕ್ಸ್‌ಎಂಎಲ್ ಎನ್‌ಕೋಡರ್ ಮತ್ತು ಎಕ್ಸ್‌ಎಂಎಲ್ ಡಿಕೋಡರ್ ಎಂಬ ಸಿದ್ಧ ಉಪಕರಣಗಳು ಸೇರಿದವು. ಮೊದಲನೆಯದು ಬರೆಯುತ್ತದೆ, ಎರಡನೆಯದು ಓದುತ್ತದೆ. 2006ರ ಆವೃತ್ತಿಯಲ್ಲಿ ಜಾಕ್ಸ್‌ಬಿ ಎಂಬ ಇನ್ನೊಂದು ಉಪಕರಣ ಸೇರಿತು. ವರ್ಗದ ಯಾವ ವಿವರಕ್ಕೆ ಯಾವ ಚೀಟಿ ಎಂಬುದನ್ನು ವರ್ಗದ ಮೇಲೆಯೇ ಗುರುತು ಹಾಕಿ ತಿಳಿಸುವ ಅನುಕೂಲ ಅದರಲ್ಲಿದೆ.

ಈಗ ಈ ವಿಷಯದಲ್ಲೆಲ್ಲ ಬಹಳ ಸ್ವಾರಸ್ಯವಾದ ಸಮಸ್ಯೆಗೆ ಬರೋಣ. ನಮ್ಮ ಗ್ರಂಥಾಲಯದಲ್ಲಿ 'ಮೂಕಜ್ಜಿಯ ಕನಸುಗಳು' ಇದೆ. 'ಚೋಮನ ದುಡಿ'ಯೂ ಇದೆ. ಎರಡನ್ನೂ ಬರೆದವರು ಶಿವರಾಮ ಕಾರಂತರು. ಸ್ಮೃತಿಯಲ್ಲಿ ಕಾರಂತರ ಲೇಖಕ-ವಸ್ತು ಒಂದೇ. ಎರಡು ಪುಸ್ತಕಗಳೂ ಅದನ್ನೇ ಬೊಟ್ಟು ಮಾಡುತ್ತವೆ. ಅವಸರದ ಕ್ರಮವಿಧಿಯೊಂದು ಪ್ರತಿಯೊಂದು ಪುಸ್ತಕದ ಚೀಟಿಯ ಒಳಗೂ ಲೇಖಕರ ವಿವರವನ್ನು ಪೂರ್ತಿಯಾಗಿ ಬರೆಯಿತೆನ್ನಿ. ಮರಳಿ ಓದಿದಾಗ ಸ್ಮೃತಿಯಲ್ಲಿ ಇಬ್ಬರು ಕಾರಂತರು ಹುಟ್ಟುತ್ತಾರೆ! ನೋಡಲು ಇಬ್ಬರೂ ಒಂದೇ. ಆದರೆ ಅವರ ನಡುವೆ ಸಂಬಂಧವಿಲ್ಲ. ಜನ್ಮವರ್ಷವು ತಪ್ಪಿ 1920 ಎಂದು ಸೇರಿತ್ತೆಂದು ಭಾವಿಸಿ. ಒಂದು ಪುಸ್ತಕದ ಮೂಲಕ ಹೋಗಿ ಅದನ್ನು 1902 ಎಂದು ತಿದ್ದಿದರೆ ಇನ್ನೊಂದು ಪುಸ್ತಕದಲ್ಲಿ ಹಳೆಯ ತಪ್ಪು ಹಾಗೆಯೇ ಉಳಿಯುತ್ತದೆ. ಅಕ್ಷರಗಳೆಲ್ಲ ಸರಿಯಾಗಿಯೇ ಉಳಿದಿದ್ದವು, ಕಳೆದುಹೋದುದು ಸಂಬಂಧ.

ಇದಕ್ಕಿಂತ ದೊಡ್ಡ ತೊಡಕೂ ಉಂಟು. ಪುಸ್ತಕವು ತನ್ನ ಲೇಖಕನನ್ನು ಬಲ್ಲುದು. ಲೇಖಕ-ವಸ್ತುವಿನಲ್ಲಿಯೂ ಅವನು ಬರೆದ ಪುಸ್ತಕಗಳ ಪಟ್ಟಿ ಇದೆ ಎನ್ನೋಣ. ಪುಸ್ತಕವನ್ನು ಬರೆಯಹೊರಟ ಕ್ರಮವಿಧಿ ಲೇಖಕನನ್ನು ಬರೆಯಬೇಕಾಗುತ್ತದೆ. ಲೇಖಕನನ್ನು ಬರೆಯುವಾಗ ಅವನ ಪುಸ್ತಕವನ್ನು ಬರೆಯಬೇಕಾಗುತ್ತದೆ. ಆ ಪುಸ್ತಕಕ್ಕಾಗಿ ಮತ್ತೆ ಲೇಖಕನನ್ನು! ಎದುರುಬದುರಾಗಿ ಇಟ್ಟ ಎರಡು ಕನ್ನಡಿಗಳಲ್ಲಿ ಪ್ರತಿಬಿಂಬಗಳು ಮುಗಿಯದಂತೆ ಈ ಬರಹವೂ ಮುಗಿಯುವುದಿಲ್ಲ. ಕೊನೆಗೆ ಸ್ಮೃತಿಯ ಎಲ್ಲೆ ಮುಟ್ಟಿ ಕ್ರಮವಿಧಿಯೇ ನಿಂತುಹೋಗುತ್ತದೆ.

ಇವೆರಡಕ್ಕೂ ಪರಿಹಾರ ಒಂದೇ. ಮೊದಲ ಸಲ ಕಂಡಾಗ ವಸ್ತುವನ್ನು ಪೂರ್ತಿಯಾಗಿ ಬರೆದು ಅದಕ್ಕೊಂದು ಗುರುತನ್ನು ಕೊಡಬೇಕು. ಮತ್ತೆ ಅದೇ ವಸ್ತು ಎದುರಾದಾಗ ವಿವರವನ್ನು ಪುನಃ ಬರೆಯದೆ ಆ ಗುರುತನ್ನು ಮಾತ್ರ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ 'ಲೇ1' ಎಂಬುದು ಇಂಥ ಗುರುತು. ನಿಘಂಟಿನಲ್ಲಿ ಒಂದು ಶಬ್ದದ ಅರ್ಥ ಹೇಳುವ ಬದಲು 'ಇಂಥ ಶಬ್ದವನ್ನು ನೋಡಿ' ಎಂದು ಸೂಚಿಸುವುದನ್ನು ನೀವು ಕಂಡಿದ್ದೀರಿ. ಇದೂ ಅದೇ ಉಪಾಯ. ಮರಳಿ ಓದುವಾಗ ಕ್ರಮವಿಧಿಯು ಗುರುತುಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಮೊದಲು ವಸ್ತುಗಳನ್ನೆಲ್ಲ ನಿರ್ಮಿಸಿ, ಆಮೇಲೆ ಒಂದನ್ನೊಂದಕ್ಕೆ ಜೋಡಿಸುತ್ತದೆ. ಆಗ ಕಾರಂತರು ಒಬ್ಬರೇ ಆಗಿ ಉಳಿಯುತ್ತಾರೆ. ಜಾತ್ರೆಯ ಅಂಗಡಿಯ ಮಾತನ್ನು ಇಲ್ಲಿ ನೆನೆಯಿರಿ: ಅಳಿಯುವ ವಿಳಾಸದ ಸ್ಥಾನದಲ್ಲಿ ಉಳಿಯುವ ಹೆಸರು ಬಂದು ಕುಳಿತಿದೆ.

ಎಕ್ಸ್‌ಎಂಎಲ್ ರೂಪಕ್ಕೆ ದೋಷಗಳಿಲ್ಲವೆಂದು ಭಾವಿಸಬಾರದು. ಅದು ಮಾತಾಳಿ. '1968' ಎಂಬ ಸಂಖ್ಯೆಗೆ ಜಾವಾದ ಸ್ಮೃತಿಯಲ್ಲಿ ನಾಲ್ಕು ಬೈಟು ಸಾಕು. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕಾದುದರಿಂದ, 'ವರ್ಷ' ಎಂಬ ಚೀಟಿಗಳ ಸಹಿತ ಅದೇ ಸಂಖ್ಯೆಗೆ ಮೂವತ್ತಮೂರು ಬೈಟು ಹಿಡಿಯುತ್ತದೆ. ಕೋಟಿಗಟ್ಟಲೆ ವಿವರಗಳನ್ನು ಕ್ಷಣಾರ್ಧದಲ್ಲಿ ಸಾಗಿಸಬೇಕಾದಲ್ಲಿ ಇದು ಹೊರೆಯೇ ಸರಿ. ಎರಡನೆಯದಾಗಿ, ಎಲ್ಲರೂ ಓದಬಹುದಾದ ಬರಹದಲ್ಲಿ ಗುಟ್ಟು ನಿಲ್ಲುವುದಿಲ್ಲ. ಗುಪ್ತಪದಗಳನ್ನು ಹೀಗೆ ಬರೆದಿಡಬಾರದು.

ಮೂರನೆಯ ಎಚ್ಚರಿಕೆ ಇನ್ನೂ ಮುಖ್ಯವಾದುದು. ಅಪರಿಚಿತರಿಂದ ಬಂದ ಕಡತವನ್ನು ಕಣ್ಣುಮುಚ್ಚಿ ನಂಬಬಾರದು. ಎಕ್ಸ್‌ಎಂಎಲ್‌ನಲ್ಲಿ ಒಂದು ಸಂಕ್ಷೇಪಪದವನ್ನು ಇನ್ನೊಂದರ ಹತ್ತು ಪಟ್ಟು ಎಂದು ಸೂಚಿಸಲು ಅವಕಾಶವಿದೆ. ಹೀಗೆ ಒಂಬತ್ತು ಮೆಟ್ಟಿಲು ಏರಿಸಿದರೆ ಕೆಲವೇ ಸಾಲುಗಳ ಕಡತವು ಓದುವಾಗ ನೂರು ಕೋಟಿ ಪಟ್ಟು ಹಿಗ್ಗಿ ಯಂತ್ರದ ಸ್ಮೃತಿಯನ್ನೇ ನುಂಗಿಬಿಡಬಲ್ಲುದು. ಎಕ್ಸ್‌ಎಂಎಲ್ ಡಿಕೋಡರ್ ಉಪಕರಣವಂತೂ ಕಡತದಲ್ಲಿ ಹೇಳಿದ ಕಾರ್ಯಗಳನ್ನು ನಡೆಸಿಯೇ ವಸ್ತುವನ್ನು ಕಟ್ಟುತ್ತದೆ. ಕೇಡಿಗನು ಬರೆದ ಕಡತವಾದರೆ ಅವನ ಅಪ್ಪಣೆಯೇ ನಡೆದುಹೋದೀತು. ಆದ್ದರಿಂದ ಅದಕ್ಕೆ ನಮ್ಮದೇ ಕಡತಗಳನ್ನು ಮಾತ್ರ ಒಪ್ಪಿಸಬೇಕು. ಹೊರಗಿನಿಂದ ಬಂದುದನ್ನು ಓದುವ ಉಪಕರಣದಲ್ಲಿ ಇಂಥ ಹಿಗ್ಗುವಿಕೆಗೆ ಮೊದಲೇ ತಡೆ ಹಾಕಬೇಕು.

ಆದರೂ ಈ ರೂಪದ ಮುಖ್ಯವಾದ ಗುಣವನ್ನು ಕಾಲವೇ ತೋರಿಸಿಕೊಟ್ಟಿದೆ. ಮೇಲೆ ಹೇಳಿದ ಜಾಕ್ಸ್‌ಬಿ ಉಪಕರಣವನ್ನು 2018ರ ಜಾವಾ ಆವೃತ್ತಿಯಿಂದ ತೆಗೆದುಹಾಕಲಾಯಿತು. ಬೇಕಾದವರು ಅದನ್ನು ಬೇರೆಯಾಗಿ ತಂದು ಸೇರಿಸಿಕೊಳ್ಳಬೇಕಾಯಿತು. ಜಾವಾವನ್ನು ಹುಟ್ಟಿಸಿದ ಸನ್ ಸಂಸ್ಥೆಯೂ 2010ರಲ್ಲಿ ಒರೇಕಲ್ ಸಂಸ್ಥೆಯಲ್ಲಿ ಸೇರಿಹೋಯಿತು. ಆದರೆ ಆ ಉಪಕರಣದಿಂದ ಬರೆದ ಕಡತಗಳಿಗೆ ಏನೂ ಆಗಲಿಲ್ಲ. ಅವುಗಳನ್ನು ಬೇರೆ ಉಪಕರಣದಿಂದ ಓದಬಹುದು. ಬೇರೆ ಗಣಕಭಾಷೆಯಿಂದ ಓದಬಹುದು. ಯಾವುದೂ ಇಲ್ಲದಿದ್ದರೆ ಬರಿಯ ಕಣ್ಣಿನಿಂದಲೇ ಓದಬಹುದು.

ನಮ್ಮ ಗ್ರಂಥಾಲಯಕ್ಕೆ ಮರಳೋಣ. ಆ ಇಬ್ಬರು ವಿದ್ಯಾರ್ಥಿಗಳು ಮರುದಿನ ಮತ್ತೆ ಕುಳಿತು ಇನ್ನೂರು ಪುಸ್ತಕಗಳ ವಿವರವನ್ನು ತುಂಬುತ್ತಾರೆ. ಈ ಸಲ ಹತ್ತು ಪುಸ್ತಕಕ್ಕೊಮ್ಮೆ ಕಡತದಲ್ಲಿ ಉಳಿಸುತ್ತಾರೆ. ಅವರು ಶಾಲೆಯನ್ನು ಬಿಟ್ಟುಹೋದ ಮೇಲೆ, ಅವರ ಕ್ರಮವಿಧಿಯೂ ಹಳತಾಗಿ ಮೂಲೆಗೆ ಸೇರಿದ ಮೇಲೆ, ಒಂದು ದಿನ ಯಾರೋ ಆ ಕಡತವನ್ನು ತೆರೆಯಬಹುದು. ಅವರಿಗೆ ಇದು ಪುಸ್ತಕ, ಇದು ಅದರ ಹೆಸರು, ಇವರು ಅದನ್ನು ಬರೆದವರು ಎಂದು ಆ ಚೀಟಿಗಳೇ ತಿಳಿಸಿಕೊಡುತ್ತವೆ. ನಮ್ಮನ್ನು ಕಾಣದವರಿಗೂ ತಿಳಿಯುವಂತೆ ಬರೆದಿಡುವುದು ಬರೆಯುವವನ ಧರ್ಮ. ಬರಹ ಓಲೆಗರಿಯ ಮೇಲಿರಲಿ, ಗಣಕಯಂತ್ರದ ಡಿಸ್ಕಿನ ಮೇಲಿರಲಿ, ಆ ಧರ್ಮ ಒಂದೇ.

ಅಭ್ಯಾಸ

1. ಸ್ಮೃತಿಯಲ್ಲಿರುವ ವಿಳಾಸಗಳನ್ನು ಇದ್ದಂತೆಯೇ ಕಡತದಲ್ಲಿ ಬರೆದಿಟ್ಟರೆ ಏಕೆ ಪ್ರಯೋಜನವಿಲ್ಲ? ಪಾಠದಲ್ಲಿ ಬಂದಿರುವ ಹೋಲಿಕೆಯೊಡನೆ ವಿವರಿಸಿ.
2. 1086ರ ಬರಹ ಉಳಿದು 1986ರ ಸಂಗ್ರಹ ತೊಡಕಿಗೆ ಸಿಕ್ಕಿದುದು ಹೇಗೆ?
3. "ಸ್ಮೃತಿಯಲ್ಲಿ ಇಬ್ಬರು ಕಾರಂತರು ಹುಟ್ಟುತ್ತಾರೆ!" ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ತಿಳಿಸಿ.
4. ಎಕ್ಸ್‌ಎಂಎಲ್ ಕಡತಗಳನ್ನು ಬಳಸುವಾಗ ವಹಿಸಬೇಕಾದ ಎಚ್ಚರಿಕೆಗಳು ಯಾವುವು?
5. ನಿಮ್ಮ ತರಗತಿಯ ಮೂವರು ವಿದ್ಯಾರ್ಥಿಗಳ ಹೆಸರು, ಊರು, ಜನ್ಮವರ್ಷ ಇವನ್ನು ಪಾಠದಲ್ಲಿ ತೋರಿಸಿರುವಂತೆ ಹೆಸರುಚೀಟಿಗಳ ನಡುವೆ ಬರೆಯಿರಿ. ಇಬ್ಬರು ಒಂದೇ ಊರಿನವರಾಗಿದ್ದರೆ ಊರಿನ ವಿವರವನ್ನು ಒಮ್ಮೆ ಮಾತ್ರ ಬರೆಯುವುದು ಹೇಗೆಂದು ಯೋಚಿಸಿ.